ಹಳ್ಳಿ ದಾರಿಯಲ್ಲಿ ಟರ್ಬೊ ಕಾರು: ಆಯಿಲ್ ನೋಡಿಕೊಂಡರೆ ಎಂಜಿನ್ ಉಳಿದೀತು

2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಕಂಪನಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಸ್ವಿಫ್ಟ್ ಡೀಸೆಲ್‌ಗೆ ಒಗ್ಗಿದ್ದ ಹುಲ್ಲಹಳ್ಳಿ, ನಂಜನಗೂಡು, ತಿ. ನರಸೀಪುರ ಕಡೆಯವರು ಹೊಸ ಕಾರು ಕೊಳ್ಳಲು ಹೋದರೆ ಎದುರಿಗೆ ಸಿಗುವುದು ನೆಕ್ಸಾನ್, ವೆನ್ಯೂ, ಸೋನೆಟ್, ಫ್ರಾಂಕ್ಸ್, ಮ್ಯಾಗ್ನೈಟ್‌ಗಳ ಟರ್ಬೊ ಪೆಟ್ರೋಲ್. ಎಂಜಿನ್ ಚಿಕ್ಕದು, ಪಿಕಪ್ ಜೋರು. ವೆನ್ಯೂ ಕಾರಿನ 1,197 ಸಿಸಿ ಸಾದಾ ಎಂಜಿನ್ 83 ಪಿಎಸ್ ಶಕ್ತಿ ಕೊಟ್ಟರೆ 998 ಸಿಸಿಯ ಟರ್ಬೊ 120 ಪಿಎಸ್ ಕೊಡುತ್ತದೆ.

ಈ ಶಕ್ತಿ ಬರುವುದು ಹೊಗೆಯಿಂದ. ಸೈಲೆನ್ಸರ್ ಕಡೆಗೆ ನುಗ್ಗುವ ಬಿಸಿ ಹೊಗೆ ಪುಟ್ಟ ಚಕ್ರವೊಂದನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಅದುಮಿ ಎಂಜಿನ್ನಿಗೆ ತುಂಬುತ್ತದೆ. ಚಕ್ರದ ವೇಗ ನಿಮಿಷಕ್ಕೆ ಎರಡು ಲಕ್ಷ ಸುತ್ತು ದಾಟಬಹುದು, ಹೊಗೆಯ ಬಿಸಿ 900 ಡಿಗ್ರಿ ಸೆಲ್ಸಿಯಸ್‌ಗೆ ಏರಬಹುದು. ಇಷ್ಟೆಲ್ಲ ತಾಳುವ ಶಾಫ್ಟಿಗೆ ಆಧಾರ ಆಯಿಲ್‌ನ ತೆಳು ಪದರ ಮಾತ್ರ. ‘ಟರ್ಬೊ ಬೇಗ ಕೈಕೊಡುತ್ತೆ’ ಎಂದು ದೂರುವವರು ಮೊದಲು ನೋಡಬೇಕಾದ್ದು ತಮ್ಮ ಕಾರಿಗೆ ಬಿದ್ದ ಆಯಿಲ್ ಯಾವುದು, ಅದನ್ನು ಬದಲಿಸಿ ಎಷ್ಟು ದಿನವಾಯಿತು ಎಂಬುದನ್ನು.

ಹೆಜ್ಜೆ 1: ಮ್ಯಾನುಯಲ್ ತೆರೆಯಿರಿ

ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಮಲಗಿರುವ ಪುಸ್ತಕವದು. ಸರ್ವಿಸ್ ಪಟ್ಟಿಯ ಜೊತೆಗೆ ‘ಕಠಿಣ ಬಳಕೆ’ಗೆಂದು ಬಹುತೇಕ ಕಂಪನಿಗಳು ಬೇರೆ ಪಟ್ಟಿ ಕೊಟ್ಟಿರುತ್ತವೆ. ದೂಳಿನ ರಸ್ತೆ, ಪದೇ ಪದೇ ಚಿಕ್ಕ ಓಡಾಟ, ಹೆಚ್ಚು ಹೊತ್ತು ನಿಂತಲ್ಲೇ ಓಡುವ ಎಂಜಿನ್, ಬೆಟ್ಟದ ಏರು ಇವೆಲ್ಲ ಆ ಲೆಕ್ಕಕ್ಕೆ ಸೇರುತ್ತವೆ. ತೋಟಕ್ಕೆ, ಡೇರಿಗೆ, ಸಂತೆಗೆ ಎಂದು ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಕಾರು ಖಂಡಿತ ಕಠಿಣ ಬಳಕೆಯದ್ದೇ. ಅಷ್ಟು ಕಡಿಮೆ ಓಟದಲ್ಲಿ ಆಯಿಲ್ ಸರಿಯಾಗಿ ಕಾಯುವುದಿಲ್ಲ. ಉರಿಯದೆ ಉಳಿದ ಪೆಟ್ರೋಲ್, ನೀರಿನ ಪಸೆ ಅದರೊಳಗೇ ಸೇರಿ ಆಯಿಲ್ ತೆಳ್ಳಗಾಗುತ್ತದೆ. 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ ಎಂದಿದ್ದರೆ ನಮ್ಮ ಕಡೆಯ ಬಳಕೆಗೆ 5,000 ಕಿ.ಮೀ. ಅಥವಾ ಆರು ತಿಂಗಳು ಎಂದೇ ಇಟ್ಟುಕೊಳ್ಳಿ. ಮೂರೂವರೆ–ನಾಲ್ಕು ಲೀಟರ್ ಆಯಿಲ್‌ನ ಖರ್ಚು ಟರ್ಬೊ ಬದಲಿಸುವ ಖರ್ಚಿನ ಮುಂದೆ ಏನೂ ಅಲ್ಲ.

ಹೆಜ್ಜೆ 2: ಸರಿಯಾದ ಆಯಿಲ್ ಕೇಳಿ ಪಡೆಯಿರಿ

ಬೈಕು, ಟ್ರ್ಯಾಕ್ಟರಿಗೆಂದು ಅಂಗಡಿಯಲ್ಲಿಟ್ಟ 20ಡಬ್ಲ್ಯು-40 ಆಯಿಲ್ ಇದಕ್ಕೆ ಸಲ್ಲದು. ಮ್ಯಾನುಯಲ್ ಹೇಳಿದ ಗ್ರೇಡ್, ಅಂದರೆ ಹಲವು ಕಾರುಗಳಿಗೆ 5ಡಬ್ಲ್ಯು-30, ಡಬ್ಬದ ಮೇಲೆ ‘ಎಪಿಐ ಎಸ್‌ಪಿ’ ಎಂಬ ಗುರುತು. 2020ರಲ್ಲಿ ಬಂದ ಈ ದರ್ಜೆಯ ಆಯಿಲ್, ಟರ್ಬೊ ಎಂಜಿನ್ನಿನಲ್ಲಿ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಸಿಡಿಯುವುದನ್ನು ತಡೆಯುವಂತೆ ಪರೀಕ್ಷೆಗೊಳಗಾಗಿರುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಿಗೆ ಕಂಪನಿಯದೇ ಬೇರೆ ನಂಬರ್ ಇದೆ, ಅದನ್ನೇ ನೋಡಿ. ಆಯಿಲ್ ಜೊತೆ ಫಿಲ್ಟರೂ ಬದಲಾಗಬೇಕು. ಬಿಲ್ಲನ್ನು ಜೋಪಾನ ಮಾಡಿ.

ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ, ಕಾರು ಸಮತಟ್ಟಾಗಿ ನಿಂತಿರುವಾಗ, ಸ್ಟಾರ್ಟ್ ಮಾಡುವ ಮೊದಲೇ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಪೂರ್ತಿ ಒಳಗೆ ಬಿಟ್ಟು ಎಳೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿಳಿದಿದ್ದರೆ ಎಲ್ಲೋ ಸುಡುತ್ತಿದೆ ಅಥವಾ ಸೋರುತ್ತಿದೆ. ಮೇಲಿನ ಗುರುತು ದಾಟಿ ಪೆಟ್ರೋಲ್ ವಾಸನೆ ಹೊಡೆದರೆ ಹಿಗ್ಗಬೇಡಿ, ಪೆಟ್ರೋಲ್ ಬೆರೆತಿದೆ, ಕೂಡಲೇ ಬದಲಿಸಿ.

ಹೆಜ್ಜೆ 3: ಡೀಸೆಲ್ ಚಾಳಿ ಬಿಡಿ

ಅಳಗಂಚಿಯ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ನಾಲ್ಕನೇ ಗೇರಿನಲ್ಲಿ ತೆವಳುತ್ತಾ, ಎದುರು ದಾರಿ ಖಾಲಿ ಕಂಡೊಡನೆ ಅದೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುವವರಿದ್ದಾರೆ. ಡೀಸೆಲ್ ಕಾರು ಇದನ್ನು ಸಹಿಸಿಕೊಳ್ಳುತ್ತಿತ್ತು. ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್ನಿಗೆ, ಅದರಲ್ಲೂ ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮುವ ಮಾದರಿಗೆ, ಇದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ. ಕಡಿಮೆ ಸುತ್ತಿನಲ್ಲಿ ಪೂರ್ತಿ ಹೊರೆ ಬಿದ್ದಾಗ ಪ್ಲಗ್ ಕಿಡಿ ಹೊತ್ತಿಸುವ ಮೊದಲೇ ಪೆಟ್ರೋಲ್ ಸಿಡಿದು ಪಿಸ್ಟನ್ನೇ ಒಡೆಯಬಹುದು. ಒಂದು ಅಥವಾ ಎರಡು ಗೇರು ಇಳಿಸಿ, ಎಂಜಿನ್ 2,000 ಸುತ್ತು ದಾಟಿದ ಮೇಲೆ ಒತ್ತಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿ ರೊಯ್ಯೆಂದು ರೇಸ್ ಮಾಡುವುದು ಬೇಡ. ಅರ್ಧ ನಿಮಿಷ ಬಿಟ್ಟು, ಮೊದಲ ಕೆಲವು ಕಿಲೋಮೀಟರ್ ಮೆಲ್ಲಗೆ ಹೋಗಿ. ಇನ್ನು ಮಾದಪ್ಪನ ಬೆಟ್ಟವನ್ನೋ ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನೋ ಹತ್ತಿ ನಿಂತಾಗ ತಕ್ಷಣ ಆಫ್ ಮಾಡಬೇಡಿ. ಒಂದು ನಿಮಿಷ ಸುಮ್ಮನೆ ಓಡಲಿ. ಇಲ್ಲವಾದರೆ ಕಾದ ಟರ್ಬೊದೊಳಗೆ ನಿಂತ ಆಯಿಲ್ ಸುಟ್ಟು ಕರಿಕಟ್ಟುತ್ತದೆ. ಹೊಸ ಕಾರುಗಳಲ್ಲಿ ಟರ್ಬೊಗೆ ಕೂಲೆಂಟ್ ಹರಿಯುವ ಏರ್ಪಾಡು ಇದ್ದರೂ ಈ ಒಂದು ನಿಮಿಷ ದಂಡವಲ್ಲ. ತಾನಾಗಿ ಎಂಜಿನ್ ನಿಲ್ಲಿಸುವ ಸ್ವಿಚ್ ಇದ್ದರೆ ಏರು ಹತ್ತುವಾಗ ಅದನ್ನು ಆರಿಸಿಡಿ.

ಹೆಜ್ಜೆ 4: ದೂಳು, ಸೆತ್ತೆ, ಇಲಿ

ಏರ್ ಫಿಲ್ಟರನ್ನು 5,000 ಕಿ.ಮೀ.ಗೊಮ್ಮೆ ತೆಗೆದು ನೋಡಿ. ಅದರ ಅಂಚು ಸರಿಯಾಗಿ ಕೂರದಿದ್ದರೆ ಮರಳಿನ ಕಣ ಟರ್ಬೊ ಚಕ್ರದ ರೆಕ್ಕೆಗಳನ್ನು ತೇಯುತ್ತದೆ.

ಹುರುಳಿ ಒಕ್ಕಣೆ ಕಾಲದಲ್ಲಿ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು. ರಸ್ತೆಗೆ ಹರಡಿದ ಸೆತ್ತೆ ಕಾರಿನ ಅಡಿಗೆ ಸುತ್ತಿಕೊಂಡು ವಾಹನವೇ ಹೊತ್ತಿ ಉರಿದ ಸುದ್ದಿ ಮೈಸೂರು, ಚಾಮರಾಜನಗರ ಜಿಲ್ಲೆಗಳಿಂದ ಆಗಾಗ ಬರುತ್ತದೆ. ಟರ್ಬೊ ಕಾರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಟರ್ಬೊದ ಬೆನ್ನಿಗೇ ಕೂತು ಕೆಂಡದಂತೆ ಕಾದಿರುತ್ತದೆ. ಸಾಧ್ಯವಾದರೆ ಬೇರೆ ದಾರಿ ಹಿಡಿಯಿರಿ. ಹಾಯಲೇಬೇಕಾದರೆ ದಾಟಿದ ಕೂಡಲೇ ಸೆತ್ತೆಯಿಲ್ಲದ ಜಾಗದಲ್ಲಿ ನಿಲ್ಲಿಸಿ, ಬಗ್ಗಿ ಅಡಿ ನೋಡಿ. ಸುಟ್ಟ ವಾಸನೆ ಬಂದರೆ ಎಲ್ಲರನ್ನೂ ಮೊದಲು ಕೆಳಗಿಳಿಸಿ.

ಗದ್ದೆ ಬದಿಯ ಮನೆಗಳಲ್ಲಿ ಇಲಿಗಳು ಬಾನೆಟ್ ಒಳಗೆ ಸೇರಿ ವೈರು, ರಬ್ಬರ್ ಪೈಪು ಕಡಿಯುತ್ತವೆ. ಹುಲ್ಲಿನ ಮೆದೆ ಪಕ್ಕ ಕಾರು ನಿಲ್ಲಿಸಬೇಡಿ. ಪಿಕಪ್ ಇದ್ದಕ್ಕಿದ್ದಂತೆ ಕುಸಿದು ಬುಸ್ಸೆಂಬ ಸದ್ದು ಕೇಳಿದರೆ ಟರ್ಬೊ ಕೆಟ್ಟಿತೆಂದು ಗಾಬರಿಯಾಗುವ ಮೊದಲು ಗಾಳಿ ಪೈಪು ಬಿಚ್ಚಿದೆಯೋ, ತೂತಾಗಿದೆಯೋ ನೋಡಿಸಿ. ನೀಲಿ ಹೊಗೆ ಬಂದರೆ ಮಾತ್ರ ತಡಮಾಡದೆ ಮೆಕ್ಯಾನಿಕ್ ಬಳಿ ಹೋಗಿ.

ಕಪಿಲೆ ಉಕ್ಕಿದರೆ ನಂಜನಗೂಡಿನ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯೇ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲೂ ಹಾಗೇ ಆಗಿತ್ತು. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬಾರದು, ತಳ್ಳಿಸಿ.

ಹಳೆಯ ಕಾರು ಕೊಳ್ಳುವಾಗ

2013ರಲ್ಲಿ ಬಂದ ಫೋರ್ಡ್ ಇಕೋಸ್ಪೋರ್ಟ್‌ನ 1.0 ಲೀಟರ್ ಇಕೋಬೂಸ್ಟ್ ಓಡಿಸಲು ಸೊಗಸು. ಆದರೆ ಅದರ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಮುಳುಗಿ ತಿರುಗುತ್ತದೆ. ಹಳತಾಗಿ ಉದುರಿದ ಚೂರು ಆಯಿಲ್ ಪಂಪಿನ ಜಾಲರಿ ಮುಚ್ಚಿದರೆ ಎಂಜಿನ್ನಿಗೂ ಟರ್ಬೊಗೂ ಆಯಿಲ್ ಸಿಗದು. ಬೆಲ್ಟ್ ಬದಲಿಸಿದ ದಾಖಲೆ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳಿ. ಕಂಪನಿ ಯಾವುದೇ ಇರಲಿ, ಆಯಿಲ್ ಬದಲಿಸಿದ ಬಿಲ್ಲುಗಳನ್ನು ತೋರಿಸಲಾಗದವರ ಟರ್ಬೊ ಕಾರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.