ಸುಡೋಕು ಬಿಡಿಸುವ ಕಂಪ್ಯೂಟರ್ ಊಹಿಸುತ್ತದೆಯೇ?

ಪ್ರಶ್ನೆ: ನನಗೆ ಗಂಟೆಗಟ್ಟಲೆ ಹಿಡಿಯುವ ಸುಡೋಕುವನ್ನು ಕಂಪ್ಯೂಟರ್ ಕ್ಷಣದಲ್ಲಿ ಬಿಡಿಸುತ್ತದೆ. ಅದು ಎಲ್ಲ ಅಂಕಿಗಳನ್ನೂ ಹಾಕಿ ನೋಡುತ್ತದೆಯೇ?

ಉತ್ತರ: ಇಲ್ಲ. ಹಾಗೆ ಹೊರಟರೆ ಎಂಥ ಕಂಪ್ಯೂಟರೂ ಸೋಲುತ್ತದೆ. 81 ಮನೆಗಳಲ್ಲಿ 51 ಖಾಲಿಯಿದ್ದು, ಪ್ರತಿಯೊಂದಕ್ಕೂ 9 ಆಯ್ಕೆ ಎಂದಿಟ್ಟುಕೊಳ್ಳಿ. ಆಗ ಭರ್ತಿ ಮಾಡಬಹುದಾದ ಬಗೆಗಳ ಲೆಕ್ಕ 49 ಅಂಕಿಗಳಷ್ಟು ಉದ್ದದ ಸಂಖ್ಯೆ!

ಒಳ್ಳೆಯ ಪ್ರೋಗ್ರಾಮ್ ಮೊದಲು ಆಯ್ಕೆಗಳನ್ನು ಕಳೆಯುತ್ತದೆ. ಖಾಲಿ ಮನೆಗೆಲ್ಲ 1ರಿಂದ 9ರವರೆಗಿನ ಪಟ್ಟಿ ಕೊಡುತ್ತದೆ. ಅಡ್ಡಸಾಲು, ಕಂಬಸಾಲು, 3×3 ಚೌಕ ಸೇರಿ ಒಂದು ಮನೆಗೆ 20 ನೆರೆಮನೆಗಳು. ಆ ಒಂದೊಂದು ನೆರೆಯನ್ನೂ ಮುಂದಿಟ್ಟು ಅದು ಕೇಳುವುದಿಷ್ಟೆ: ಇಲ್ಲಿ 5 ಹಾಕಿದರೆ ಅಲ್ಲಿಗೆ ಏನಾದರೂ ಉಳಿಯುತ್ತದೆಯೇ? ಉಳಿಯದಿದ್ದರೆ 5 ಪಟ್ಟಿಯಿಂದ ಹೊರಗೆ. ಒಂದು ಪಟ್ಟಿ ಕುಗ್ಗಿತೆಂದರೆ ಅದರ ನೆರೆಮನೆಗಳಿಗೆಲ್ಲ ಮತ್ತೆ ಪರೀಕ್ಷೆ. ಅಳಿಸಲು ಏನೂ ಉಳಿಯದಾಗ ಕೆಲಸ ನಿಲ್ಲುತ್ತದೆ. ಇದರ ಹೆಸರು ಆರ್ಕ್ ಕನ್ಸಿಸ್ಟೆನ್ಸಿ. ಇದರ ಸೊಗಸೆಂದರೆ, ಎಷ್ಟೇ ಅಳಿಸಿದರೂ ಸರಿಯುತ್ತರ ಎಂದೂ ಕೈತಪ್ಪುವುದಿಲ್ಲ.

ಈ ವಿಚಾರ ಸುಡೋಕುವಿಗಾಗಿ ಹುಟ್ಟಿದ್ದಲ್ಲ. 1970ರ ದಶಕದ ಆರಂಭದಲ್ಲಿ ಎಂಐಟಿಯ ಡೇವಿಡ್ ವಾಲ್ಟ್ಜ್, ರೇಖಾಚಿತ್ರದ ಯಾವ ಗೆರೆ ಅಂಚು, ಯಾವುದು ನೆರಳು ಎಂದು ಕಂಪ್ಯೂಟರಿಗೆ ತಿಳಿಸಲು ಇದನ್ನು ಬಳಸಿದರು. 1977ರಲ್ಲಿ ಅಲನ್ ಮ್ಯಾಕ್‌ವರ್ತ್ ಇದಕ್ಕೆ ಸಾಮಾನ್ಯ ರೂಪ ಕೊಟ್ಟರು. ಅವರ ಎಸಿ-3 ವಿಧಾನ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

ಆದರೆ ಜೋಡಿ ಪರೀಕ್ಷೆಗೆ ಮಿತಿಯುಂಟು. ಒಂದೇ ಸಾಲಿನ ಮೂರು ಮನೆಗಳಲ್ಲಿ 2 ಮತ್ತು 5 ಮಾತ್ರ ಉಳಿದಿವೆ ಎನ್ನಿ. ಯಾವ ಎರಡನ್ನು ತೆಗೆದುಕೊಂಡರೂ ತಕರಾರಿಲ್ಲ. ಮೂರನ್ನೂ ಒಟ್ಟಿಗೆ ನೋಡಿದರೆ ಅಸಾಧ್ಯ. ಇದನ್ನು ಹಿಡಿಯಲು ಉಗೊ ಮೊಂಟನಾರಿ 1974ರಲ್ಲೇ ಮೂರು ಮೂರನ್ನು ಪರೀಕ್ಷಿಸುವ ಪಾತ್ ಕನ್ಸಿಸ್ಟೆನ್ಸಿಯನ್ನು ಮುಂದಿಟ್ಟಿದ್ದರು. ಹೆಚ್ಚು ಮನೆಗಳನ್ನು ಕೂಡಿಸಿ ನೋಡಿದಷ್ಟೂ ಹೆಚ್ಚು ಅಂಕಿಗಳು ಅಳಿಯುತ್ತವೆ, ಸಮಯವೂ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಪ್ರೋಗ್ರಾಮ್‌ಗಳು ಅಗ್ಗದ ಪರೀಕ್ಷೆಯನ್ನೇ ಪದೇ ಪದೇ ನಡೆಸುತ್ತವೆ. ಅಲ್ಲಿಗೂ ಮುಗಿಯದಿದ್ದರೆ ಅತಿ ಚಿಕ್ಕ ಪಟ್ಟಿಯ ಮನೆಯಲ್ಲಿ ಒಂದು ಅಂಕಿ ಊಹಿಸಿ, ಕೂಡಲೇ ಮತ್ತೆ ಅಳಿಸತೊಡಗುತ್ತವೆ. ಎಲ್ಲಾದರೂ ಪಟ್ಟಿ ಬರಿದಾದರೆ ಆ ಊಹೆ ತಪ್ಪು. ಹಿಂದಿರುಗಿ ಇನ್ನೊಂದನ್ನು ಹಿಡಿಯುತ್ತವೆ.

ಊಹೆ ಉಂಟು, ಆದರೆ ಅದರ ಸರದಿ ಕೊನೆಗೆ. ನೀವೂ ಮನೆಯ ಮೂಲೆಯಲ್ಲಿ ಸಾಧ್ಯವಿರುವ ಅಂಕಿಗಳನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡು, ಒಂದೊಂದನ್ನೇ ಕಾರಣ ಸಹಿತ ಅಳಿಸುತ್ತ ಹೋಗಿ. ಎಷ್ಟೋ ಸುಡೋಕುಗಳು ಅಷ್ಟರಲ್ಲೇ ಬಿಡಿಸಿಕೊಳ್ಳುತ್ತವೆ.