ಹಂದಿಜ್ವರವೋ, ಮಾಮೂಲಿ ಫ್ಲೂವೋ? ರೋಗಿಯ ಜೊತೆಗಿರುವವರು ತಿಳಿಯಬೇಕಾದದ್ದು



ಗಂಟಲ ದ್ರವದ ಪರೀಕ್ಷೆಯ ವರದಿ ಬಂದ ಕೂಡಲೇ ರೋಗಿಯ ಕಡೆಯವರು ನಮ್ಮನ್ನು ಕೇಳುವುದು ಒಂದೇ: "ಸಿಸ್ಟರ್, ಇದು ಹಂದಿಜ್ವರವಾ, ಮಾಮೂಲಿ ಫ್ಲೂವಾ?" ಎಚ್1ಎನ್1 ಎಂದರೆ ಕಣ್ಣೀರು, 'ಬಿ' ಎಂದರೆ ನಿಟ್ಟುಸಿರು. ಎರಡೂ ಪೂರ್ತಿ ಸರಿಯಲ್ಲ.

ಮನುಷ್ಯರಲ್ಲಿ ಪ್ರತಿ ವರ್ಷ ಹರಡುವ ಫ್ಲೂ ವೈರಾಣುಗಳು 'ಎ' ಮತ್ತು 'ಬಿ'. 'ಎ' ಗುಂಪಿನಲ್ಲಿ ಈಗ ಹರಡುತ್ತಿರುವವು ಎಚ್1ಎನ್1 ಮತ್ತು ಎಚ್3ಎನ್2. 2009ರಲ್ಲಿ ಹೊಸದಾಗಿ ಬಂದ ಎಚ್1ಎನ್1 ವೈರಾಣುವಿಗೆ ಹಂದಿಜ್ವರ ಎಂಬ ಹೆಸರು ಬಿತ್ತು. ಆ ಮಹಾಪಿಡುಗು 2010ರ ಆಗಸ್ಟ್‌ನಲ್ಲಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ವೈರಾಣು ಮಾತ್ರ ಹೋಗಲಿಲ್ಲ, ಮಾಮೂಲಿ ಫ್ಲೂಗಳಲ್ಲಿ ಒಂದಾಗಿ ಉಳಿದುಕೊಂಡಿತು. ಇದು ಹರಡುವುದು ಕೆಮ್ಮು, ಸೀನಿನಿಂದ. "ನಾವು ಮಾಂಸ ಮುಟ್ಟುವವರಲ್ಲ, ನಮಗೆ ಹೇಗೆ ಬಂತು?" ಎಂದು ಕೇಳುವವರು ಇಂದಿಗೂ ಇದ್ದಾರೆ!

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ, ಅದು ಮುಖ್ಯವಾಗಿ ವಯಸ್ಸಿನಲ್ಲಿ. ನಮ್ಮ ದಂಡು ಪ್ರದೇಶವನ್ನೂ ಬಿಡದೆ ಕಾಡಿದ 1918ರ ಇನ್‌ಫ್ಲುಯೆಂಜಾ ಎಚ್1ಎನ್1 ಬಗೆಯದೇ. ಅದು 20ರಿಂದ 40 ವರ್ಷದ ಗಟ್ಟಿಮುಟ್ಟಾದವರನ್ನೇ ಹೆಚ್ಚಾಗಿ ಬಲಿ ತೆಗೆದುಕೊಂಡಿತು. 2009ರಲ್ಲಿಯೂ ನಡುವಯಸ್ಸಿನವರು, ಗರ್ಭಿಣಿಯರು ತೀವ್ರ ನ್ಯುಮೋನಿಯಾದಿಂದ ಐಸಿಯು ಸೇರಿದರು. ಆ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡವರಲ್ಲಿ ಇಪ್ಪತ್ತರ ಹರೆಯದ ಒಬ್ಬ ಶಿಕ್ಷಕಿಯೂ ಇದ್ದರು. ಎಚ್3ಎನ್2 ವೃದ್ಧರಿಗೆ ಹೆಚ್ಚು ಕಠಿಣ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಅದರಿಂದ ಮೃತಪಟ್ಟವರಿಗೆ 80 ದಾಟಿತ್ತು, ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇತ್ತು. 'ಬಿ' ಮಕ್ಕಳಲ್ಲಿ ಹೆಚ್ಚು. ಆದರೆ ಆಸ್ಪತ್ರೆಗೆ ದಾಖಲಾಗುವಷ್ಟು ಜೋರಾದ ಮೇಲೆ 'ಬಿ' ರೋಗಿಯೂ 'ಎ' ರೋಗಿಯಷ್ಟೇ ಕಷ್ಟಕ್ಕೆ ಸಿಲುಕಬಹುದು. ಆದ್ದರಿಂದ ವರದಿಯಲ್ಲಿ 'ಬಿ' ಎಂದು ನೋಡಿ ರೋಗಿಯನ್ನು ಮನೆಗೆ ಕರೆದೊಯ್ಯಲು ಆತುರಪಡಬೇಡಿ.

ನನ್ನನ್ನು ಕೇಳಿದರೆ, ವೈರಾಣುವಿನ ಹೆಸರಿಗಿಂತ ಮೊದಲು ನೋಡಬೇಕಾದದ್ದು ರೋಗಿ ಯಾರು, ಎಷ್ಟನೆಯ ದಿನ ಬಂದರು ಎಂಬುದನ್ನು. 65 ದಾಟಿದವರು, 5 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಉಬ್ಬಸ, ಸಕ್ಕರೆ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಯಾವ ಫ್ಲೂ ಆದರೂ ಅಪಾಯವೇ. ಒಸೆಲ್ಟಾಮಿವಿರ್ ಎಂಬ ಔಷಧಿ 'ಎ', 'ಬಿ' ಎರಡಕ್ಕೂ ಕೊಡುವಂಥದ್ದು. ಜ್ವರ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಗುಣ ಹೆಚ್ಚು. ಅದಕ್ಕೇ ರೋಗ ತೀವ್ರವಾಗಿದ್ದರೆ ವೈದ್ಯರು ವರದಿಗೆ ಕಾಯುವುದಿಲ್ಲ. ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಹೋಗುವುದು ಒಂದೆರಡು ಗಂಟೆ. ಮನೆಯಲ್ಲಿ ಅಂಗಡಿ ಮಾತ್ರೆ ನುಂಗುತ್ತ ಹೋಗುವುದು ನಾಲ್ಕೈದು ದಿನ. ಆ ಮಾತ್ರೆಗಳಲ್ಲಿ ಆ್ಯಂಟಿಬಯಾಟಿಕ್ ಇದ್ದರೂ ಅದು ವೈರಾಣುವನ್ನು ಕೊಲ್ಲುವುದಿಲ್ಲ. ಮಕ್ಕಳಿಗೆ ಆಸ್ಪಿರಿನ್ ಅಂತೂ ಕೊಡಲೇಬಾರದು.

ಬರೀ ನೆಗಡಿ, ಸಣ್ಣ ಜ್ವರ ಇದ್ದವರಿಗೆ ಪರೀಕ್ಷೆಯೂ ಬೇಕಿಲ್ಲ, ಮನೆಯಲ್ಲಿ ವಿಶ್ರಾಂತಿ ಸಾಕು. ಆದರೆ ಏದುಸಿರು, ಎದೆನೋವು, ಮಂಪರು, ಕಫದಲ್ಲಿ ರಕ್ತ, ಉಗುರು ನೀಲಿಗಟ್ಟುವುದು, ಮಗು ಹಾಲು ಬಿಡುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿ ಎಂದು ನೋಡದೆ ಹೊರಡಿ. ಜ್ವರ ಇಳಿದು ಎರಡು ದಿನದ ಮೇಲೆ ಮತ್ತೆ ಏರಿದರೂ ಅಷ್ಟೇ.

ಇನ್ನು ಜೊತೆಗಿರುವವರಿಗೆ. ಫ್ಲೂ ರೋಗಿಯ ಬಳಿ ಒಬ್ಬರೇ ಇರಿ, ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಧರಿಸಿ. ದಾಸೋಹದ ಸಾಲಿಗೆ ಹೋಗುವ ಮುನ್ನ ಸೋಪು ಹಚ್ಚಿ ಕೈ ತೊಳೆಯಿರಿ. ರೋಗಿಯ ಲೋಟ, ಟವೆಲ್ ಬೇರೆ ಇಡಿ. ಮನೆಯ ಹಿರಿಯರಿಗೆ ಪ್ರತಿ ವರ್ಷದ ಫ್ಲೂ ಲಸಿಕೆಯ ಬಗ್ಗೆ ಹೊರರೋಗಿ ವಿಭಾಗದಲ್ಲಿ ವಿಚಾರಿಸಿ. ಆ ಲಸಿಕೆಯಿಂದ ಫ್ಲೂ ಬರುವುದಿಲ್ಲ. ನಿಮಗೇ ಮೈ ಬಿಸಿಯಾದರೆ ರೋಗಿಯ ಮಂಚದ ಬಳಿಗೆ ಮರಳುವ ಮೊದಲು ಪಾಳಿಯಲ್ಲಿರುವ ಸಿಸ್ಟರ್‌ಗೆ ತಿಳಿಸಿ.