ನಗುವ ಮೊದಲು ಸ್ವಲ್ಪ ತಡೆಯಿರಿ

ಮಕ್ಕಳೇ, ನರಮೇಧವೆಂದರೆ ಹಿಟ್ಲರನ ಕಾಲದ್ದು, ಪಾಠದ ಪುಸ್ತಕದಲ್ಲೇ ಮುಗಿದುಹೋದದ್ದು ಎಂದುಕೊಂಡವರು ನಿಮ್ಮಲ್ಲಿ ಬಹಳ ಮಂದಿ. ಹಾಗಲ್ಲ. 1994ರಲ್ಲಿ, ನಿಮ್ಮ ಅಪ್ಪ ಅಮ್ಮ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಆಫ್ರಿಕಾದ ರುವಾಂಡಾ ಎಂಬ ಪುಟ್ಟ ದೇಶದಲ್ಲಿ ಸುಮಾರು 100 ದಿನಗಳೊಳಗೆ ಅಂದಾಜು 8 ಲಕ್ಷ ಜನರನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಟುಟ್ಸಿ ಪಂಗಡದವರು. ಕೊಂದವರು ಹುಟು ಪಂಗಡದ ಉಗ್ರರು; ಅವರಲ್ಲಿ ಸತ್ತವರ ನೆರೆಹೊರೆಯವರೂ ಇದ್ದರು.

ಹುಟು, ಟುಟ್ಸಿ ಇಬ್ಬರೂ ಆಡುವುದು ಒಂದೇ ಭಾಷೆ. ಹೋಗುವ ಚರ್ಚೂ ಒಂದೇ. ಕೊಟ್ಟು ತಂದ ಸಂಬಂಧಗಳೂ ಇದ್ದವು. 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಎಲ್ಲರ ಗುರುತಿನ ಚೀಟಿಯಲ್ಲೂ ಪಂಗಡ ಬರೆಸಿತು. ಅರವತ್ತು ವರ್ಷಗಳ ಮೇಲೆ, ರಸ್ತೆಗೆ ಅಡ್ಡ ಕಟ್ಟಿ ನಿಂತವರು ಆ ಚೀಟಿ ನೋಡಿಯೇ ಕೊಂದರು.

ನನ್ನನ್ನು ಹೆಚ್ಚು ಕಾಡುವುದು ಅಲ್ಲಿನ ಒಂದು ರೇಡಿಯೊ. ಆರ್‌ಟಿಎಲ್‌ಎಂ ಎಂದು ಅದರ ಹೆಸರು, 1993ರ ಜುಲೈನಲ್ಲಿ ಶುರುವಾದದ್ದು. ಒಳ್ಳೆಯ ಹಾಡು, ಹರಟೆ, ತಮಾಷೆ. ಹುಡುಗರು ಮುಗಿಬಿದ್ದು ಕೇಳಿದರು. ಅದರ ನಡುವೆಯೇ ಟುಟ್ಸಿಗಳನ್ನು ಜಿರಲೆಗಳೆಂದು ಕರೆಯುತ್ತಿದ್ದರು. ಕೇಳಿ ಕೇಳಿ ಅದು ಕಿವಿಗೆ ರೂಢಿಯಾಯಿತು. ಕೊಲೆ ಶುರುವಾದ ಮೇಲೆ ಅದೇ ರೇಡಿಯೊ ಯಾರು ಎಲ್ಲಿ ಅಡಗಿದ್ದಾರೆಂದು ಹೆಸರು ಹಿಡಿದು ಹೇಳಿತು. ಆ ಮಾತು ಕೇಳಿ ಮಚ್ಚು ಹಿಡಿದು ಓಡಿದ ಇಂಟರಹಾಮ್ವೆ ಪಡೆ ಆಳುವ ಪಕ್ಷದ ಯುವಕರ ದಳ. ಆ ರೇಡಿಯೊ ಕಟ್ಟಿದವರಲ್ಲೊಬ್ಬ, ಫರ್ಡಿನಾಂಡ್ ನಹಿಮಾನಾ, ಇತಿಹಾಸದ ಪ್ರಾಧ್ಯಾಪಕ! ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಅವನನ್ನು ಅಪರಾಧಿಯೆಂದಿತು. ಆದ್ದರಿಂದ, ಹೇಳುವವರು ಎಷ್ಟೇ ಓದಿದವರಿರಲಿ, ಮಾತಿನಲ್ಲಿ ದ್ವೇಷವಿದ್ದರೆ ನಂಬಬೇಡಿ.

ಈಗ ನಿಮ್ಮ ಕೈಯಲ್ಲಿ ಫೋನಿದೆ. ಒಂದು ಜಾತಿಯವರನ್ನೋ ಧರ್ಮದವರನ್ನೋ ಹುಳಹುಪ್ಪಟೆ ಎನ್ನುವ ವಿಡಿಯೊ ಬರುತ್ತದೆ. ಗೆಳೆಯರು ನಗುತ್ತಾರೆ. ತಮಾಷೆ ತಾನೇ ಎಂದು ನೀವೂ ನಾಲ್ಕು ಜನಕ್ಕೆ ಕಳಿಸುತ್ತೀರಿ. ನನಗೆ ಹೆದರಿಕೆಯಾಗುವುದು ಇಲ್ಲೇ.

ಹಾಗೆಂದು ನಿಮ್ಮ ವಯಸ್ಸಿನವರೆಲ್ಲ ಒಂದೇ ಥರ ಇರುವುದಿಲ್ಲ. 1997ರ ಮಾರ್ಚ್‌ನಲ್ಲಿ ರುವಾಂಡಾದ ನ್ಯಾಂಗೆ ಎಂಬ ಊರಿನ ಶಾಲೆಗೆ ರಾತ್ರಿ ಹುಟು ಬಂಡುಕೋರರು ನುಗ್ಗಿದರು. ಹುಟುಗಳು ಒಂದು ಕಡೆ, ಟುಟ್ಸಿಗಳು ಇನ್ನೊಂದು ಕಡೆ ನಿಲ್ಲಿ ಎಂದು ಗದರಿಸಿದರು. ನಾವೆಲ್ಲ ರುವಾಂಡಾದವರು ಎಂದು ಮಕ್ಕಳು ಕದಲದೆ ನಿಂತರು. ಆರು ವಿದ್ಯಾರ್ಥಿಗಳು ಪ್ರಾಣ ಬಿಟ್ಟರು. ಆ ದೇಶ ಇಂದು ನ್ಯಾಂಗೆಯ ಮಕ್ಕಳನ್ನು ರಾಷ್ಟ್ರವೀರರೆಂದು ಗೌರವಿಸುತ್ತದೆ.

ನಿಮ್ಮಿಂದ ಅಷ್ಟನ್ನು ಯಾರೂ ಕೇಳುತ್ತಿಲ್ಲ. ಅಂಥ ವಿಡಿಯೊ ಬಂದರೆ ಮುಂದಕ್ಕೆ ಕಳಿಸಬೇಡಿ. ಇದು ತಪ್ಪು ಎಂದು ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಿರಿ. ಕೇಳದಿದ್ದರೆ ಆ ಗುಂಪಿನಿಂದ ಹೊರಗೆ ಬನ್ನಿ.